ಫೋರ್ ಲೆಟರ್ ವರ್ಡ್ ಅಂದ್ರೆ ಏನು?

ಅನುವಾದ ಕಲಿಯಲು ಬರುವ ಹೊಸಬರು 'ಫೋರ್ ಲೆಟರ್ ವರ್ಡ್' ಬಂದ ಕಡೆ 'ನಾಲ್ಕಕ್ಷರದ ಪದ' ಎಂದು ಬರೆದು ಮುಂದೆ ಹೋಗುತ್ತಾರೆ. ನಮ್ಮಲ್ಲಿ ನಾಲ್ಕಕ್ಷರ ಅಂದ್ರೆ ವಿದ್ಯೆ ಅಲ್ವಾ? 'ಮಗ ನಾಲ್ಕಕ್ಷರ ಕಲೀಲಿ' ಅಂತಾರೆ ಹಿರಿಯರು. ಇಂಗ್ಲಿಷಿನಲ್ಲಿ ಅದು ಬೈಗುಳ, ನಮ್ಮಲ್ಲಿ ಓದುಬರಹ. ಅರ್ಥ ಪೂರಾ ತಿರುವುಮುರುವು.

ಇಂಗ್ಲಿಷಿನಲ್ಲಿ ಲೈಂಗಿಕತೆ, ಗುಪ್ತಾಂಗ, ಮಲಮೂತ್ರಕ್ಕೆ ಸಂಬಂಧಿಸಿದ ಒರಟು ಪದಗಳು ಹಲವಿವೆ. ಅವುಗಳಲ್ಲಿ ತುಂಬಾ ಪದಗಳಿಗೆ ನಾಲ್ಕೇ ಅಕ್ಷರ. ಆ ಪದವನ್ನು ಬಾಯಿಬಿಟ್ಟು ಹೇಳದೆ ಸೂಚಿಸಲು ಈ ನುಡಿಗಟ್ಟು ಬಳಕೆಗೆ ಬಂತು.

ಕೋಹನ್ ವಿರುದ್ಧ ಕ್ಯಾಲಿಫೋರ್ನಿಯಾ ಮೊಕದ್ದಮೆ ಇದಕ್ಕೆ ಒಳ್ಳೆಯ ಉದಾಹರಣೆ. 1968ರಲ್ಲಿ ಪಾಲ್ ಕೋಹನ್ ಎಂಬ ಯುವಕ ಲಾಸ್ ಏಂಜಲಿಸ್‌ನ ನ್ಯಾಯಾಲಯಕ್ಕೆ ಒಂದು ಜಾಕೆಟ್ ತೊಟ್ಟು ಬಂದ. ವಿಯೆಟ್ನಾಂ ಯುದ್ಧಕ್ಕೆ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ಬೈಯುವ ಮಾತು ಅದರ ಮೇಲಿತ್ತು. 30 ದಿನದ ಜೈಲು ಶಿಕ್ಷೆಯಾಯಿತು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ನ್ಯಾಯಮೂರ್ತಿ ಹಾರ್ಲನ್ ತೀರ್ಪಿನಲ್ಲಿ ಜಾಕೆಟ್ಟಿನ ಮಾತನ್ನು ಇದ್ದಂತೆಯೇ ಕೊಟ್ಟರು. ಆದರೆ ತಮ್ಮ ವಾದ ಹೇಳುವಾಗ ಅದರಲ್ಲಿದ್ದ ಒರಟು ಪದವನ್ನು 'ಫೋರ್ ಲೆಟರ್ ವರ್ಡ್' ಎಂದೇ ಕರೆದರು. ಗಂಭೀರ ಬರವಣಿಗೆಯಲ್ಲೂ ಮುಜುಗರವಿಲ್ಲದೆ ಬಳಸಬಹುದಾದ ಮಾತು ಇದು.

ಕನ್ನಡಕ್ಕೆ ತರುವಾಗ ಸಂದರ್ಭ ನೋಡಬೇಕು. ಪೊಲೀಸ್ ಸುದ್ದಿಯಾದರೆ 'ಅವಾಚ್ಯ ಶಬ್ದಗಳಿಂದ ನಿಂದಿಸಿದ' ಸಿದ್ಧವಾಗಿಯೇ ಇದೆ. ಎಫ್‌ಐಆರ್‌ಗಳಲ್ಲಿ ದಿನಾ ಕಾಣುವ ಮಾತು. ಕತೆಯಾದರೆ 'ಹೊಲಸು ಮಾತಾಡಿದ', 'ಬಾಯಿಗೆ ಬಂದಂಗೆ ಬೈದ' ಸಾಕು. ಕೆಲವರು ಖಾರ ಹೆಚ್ಚಲಿ ಎಂದು ಜಾತಿಯ ಬೈಗುಳವನ್ನೋ ತಾಯಿಯ ಹೆಸರೆತ್ತುವ ಬೈಗುಳವನ್ನೋ ತಂದು ಹಾಕುತ್ತಾರೆ. ಇದನ್ನು ನಾನು ಒಪ್ಪುವುದೇ ಇಲ್ಲ. ಮೂಲದಲ್ಲಿ ಜಾತಿಯೂ ಇಲ್ಲ, ತಾಯಿಯೂ ಇಲ್ಲ. ಇಲ್ಲದ ಅವಮಾನವನ್ನು ಅನುವಾದಕರು ಸೇರಿಸಿದಂತಾಗುತ್ತದೆ.

ತಮಾಷೆಯ ಬಳಕೆಯೂ ಉಂಟು. 'ಅವನಿಗೆ ವರ್ಕ್ ಅನ್ನೋದು ಫೋರ್ ಲೆಟರ್ ವರ್ಡ್' ಅಂತಾರೆ. ವರ್ಕ್ ಕೆಟ್ಟ ಪದವೇನಲ್ಲ. ಇಂಗ್ಲಿಷಿನಲ್ಲಿ ಅದಕ್ಕೂ ನಾಲ್ಕೇ ಅಕ್ಷರ, ಅವನಿಗೋ ಅದನ್ನು ಕಂಡರಾಗದು. ಡಯಟ್ ಬಗ್ಗೆಯೂ ಹೀಗೇ ಹೇಳುವುದುಂಟು. ಇಲ್ಲಿ ಬೈಗುಳದ ಸುದ್ದಿಯೇ ಬೇಡ. 'ಅವನ ಮುಂದೆ ಕೆಲಸದ ಹೆಸರೆತ್ತುವ ಹಾಗಿಲ್ಲ' ಎಂದು ಬರೆದರೆ ಆಯ್ತು.