55ರ ಸುತ್ತ ಕಟ್ಟಿದ ಬೇಲಿ

1985ರ ಅಕ್ಟೋಬರ್. ಜಪಾನಿನ ಹಾನ್‌ಶಿನ್ ಟೈಗರ್ಸ್ ಬೇಸ್‌ಬಾಲ್ ತಂಡದ ಅಮೆರಿಕನ್ ಆಟಗಾರ ರ‍್ಯಾಂಡಿ ಬಾಸ್ 54 ಹೋಮ್ ರನ್ ಹೊಡೆದಿದ್ದರು. ಹೋಮ್ ರನ್ ಅಂದರೆ ಕ್ರಿಕೆಟ್ಟಿನ ಸಿಕ್ಸರ್ ಹಾಗೆ, ಚೆಂಡನ್ನು ಬೇಲಿಯಾಚೆ ಹೊಡೆಯುವುದು. ಇನ್ನೊಂದು ಹೊಡೆದರೆ ಒಂದು ಸೀಸನ್ನಿನ ದಾಖಲೆಗೆ ಸಮ. ಕೊನೆಯ ಪಂದ್ಯ ಯೊಮಿಯುರಿ ಜೈಂಟ್ಸ್ ವಿರುದ್ಧ. ಜೈಂಟ್ಸ್ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಬ್ಯಾಟಿಗೆ ಸಿಗದಷ್ಟು ದೂರ ದೂರ ಎಸೆದು ನಾಲ್ಕು ಸಲ ಅವರನ್ನು ಸುಮ್ನೆ ಒಂದನೇ ಬೇಸ್‌ಗೆ ಕಳಿಸಿಬಿಟ್ಟರು. ಇದಕ್ಕೆ ‘ವಾಕ್’ ಅನ್ನುತ್ತಾರೆ; ಬೇಸ್ ಸಿಗುತ್ತದೆ, ಹೊಡೆಯುವ ಅವಕಾಶ ಹೋಗುತ್ತದೆ. ನಿಯಮದ ಪ್ರಕಾರ ತಪ್ಪೇನಿಲ್ಲ. ಆದರೆ ಜೈಂಟ್ಸ್ ಮ್ಯಾನೇಜರ್ ಯಾರು ಗೊತ್ತಾ? 55ರ ದಾಖಲೆ ಬರೆದಿದ್ದ ಸದಹರು ಓ! ಹಾಗೆ ಎಸೆಯಿರಿ ಎಂದು ತಾನು ಹೇಳಿರಲಿಲ್ಲ ಎಂದರು ಅವರು.

ಓ ಹುಟ್ಟಿದ್ದು 1940ರಲ್ಲಿ, ಟೋಕಿಯೊದಲ್ಲಿ. ತಾಯಿ ಜಪಾನಿನವರು, ತಂದೆ ಚೀನಾದಿಂದ ಬಂದು ಹೋಟೆಲ್ ಇಟ್ಟವರು. 1957ರಲ್ಲಿ ಹೈಸ್ಕೂಲ್ ಹುಡುಗರ ದೊಡ್ಡ ಟೂರ್ನಿ ಕೊಶಿಯೆನ್ ಅನ್ನು ಶಾಲೆಗೆ ಗೆದ್ದುಕೊಟ್ಟ ಪಿಚರ್ ಈ ಹುಡುಗನೇ. ಅದೇ ವರ್ಷ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವನಿಗೆ ಆಡಲು ಬಿಡಲಿಲ್ಲ. ಜಪಾನಿನ ಪ್ರಜೆ ಅಲ್ಲವಲ್ಲ, ಅದಕ್ಕೆ.

1959ರಲ್ಲಿ ಜೈಂಟ್ಸ್ ಸೇರಿದರು. ಮೊದಲ ಮೂರು ವರ್ಷ ಹೇಳಿಕೊಳ್ಳುವಂಥದ್ದೇನೂ ಇಲ್ಲ. 1962ರಲ್ಲಿ ಕೋಚ್ ಹಿರೋಶಿ ಅರಕಾವಾ ಹೊಸ ಪಾಠ ಶುರು ಮಾಡಿದರು. ಚೆಂಡು ಬರುವಾಗ ಮುಂದಿನ ಕಾಲು ಎತ್ತಿ, ಕೊಕ್ಕರೆ ಹಾಗೆ ಒಂಟಿ ಕಾಲಲ್ಲಿ ನಿಲ್ಲುವುದು. ಸಮತೋಲ ಬರಲೆಂದು ಕತ್ತಿ ಹಿಡಿಸಿ, ನೇತುಹಾಕಿದ ಕಾಗದವನ್ನು ಕತ್ತರಿಸುವ ಅಭ್ಯಾಸ ಬೇರೆ! ಆ ವರ್ಷ 38 ಹೋಮ್ ರನ್ ಬಂತು. 1964ರಲ್ಲಿ 55. 1977ರ ಸೆಪ್ಟೆಂಬರ್ 3ರಂದು 756ನೆಯದನ್ನು ಹೊಡೆದು ಅಮೆರಿಕದ ಹ್ಯಾಂಕ್ ಆರನ್ ಅವರ 755 ದಾಟಿದರು. ಜಪಾನ್ ಸರ್ಕಾರ ಆಗ ಹೊಸದಾಗಿ ಶುರು ಮಾಡಿದ ‘ರಾಷ್ಟ್ರೀಯ ಗೌರವ ಪ್ರಶಸ್ತಿ’ ಮೊದಲು ಸಿಕ್ಕಿದ್ದು ಇವರಿಗೇ. ಹಿಂದೆ ಹೊರಗಿಟ್ಟಿದ್ದ ಅದೇ ‘ವಿದೇಶಿ’ಗೆ! 1980ರಲ್ಲಿ ಬ್ಯಾಟ್ ಕೆಳಗಿಟ್ಟಾಗ ಲೆಕ್ಕ 868.

ಬಾಸ್ ಕಥೆ ಅಲ್ಲಿಗೇ ಮುಗಿಯಲಿಲ್ಲ. 2001ರಲ್ಲಿ ಅಮೆರಿಕದ ಟಫಿ ರೋಡ್ಸ್ 55 ಮುಟ್ಟಿದರು, 2002ರಲ್ಲಿ ವೆನಿಜುವೆಲಾದ ಅಲೆಕ್ಸ್ ಕಬ್ರೆರಾ ಕೂಡ. ಇಬ್ಬರಿಗೂ ಹೊಡೆಯುವಂಥ ಚೆಂಡು ಕೊಡದೆ ತಡೆದಿದ್ದು ಓ ಅವರೇ ಮ್ಯಾನೇಜರ್ ಆಗಿದ್ದ ಹಾಕ್ಸ್ ತಂಡ. ವಿದೇಶಿಯರು ಈ ದಾಖಲೆ ಮುರಿಯಬಾರದು ಎಂದು ಆ ತಂಡದ ಕೋಚ್ ಒಬ್ಬರು ಬಾಯಿಬಿಟ್ಟೇ ಹೇಳಿದ್ದರು. ಓ ಬೇರೆಯವರಿಗೆ ಆದೇಶ ಕೊಡದೇ ಇರಬಹುದು. ಆದರೆ ಮೂರು ಸಲವೂ ಅವರ ತಂಡವೇ, ಅಲ್ವಾ? 2002ರಲ್ಲಿ ಸರಿಯಾಗಿ ಎಸೆಯಿರಿ ಎಂದು ಓ ಹೇಳಿದ್ದರಂತೆ, ಪಿಚರ್‌ಗಳು ಕೇಳಲಿಲ್ಲ. ಮೊದಲ ಎರಡು ಸಲವೂ ಹಾಗೇ ಎನ್ನಬಹುದಿತ್ತು.

2013ರಲ್ಲಿ ಬೇಲಿ ಬಿತ್ತು. ಕುರಸಾವೊ ದ್ವೀಪದ ವ್ಲಾಡಿಮಿರ್ ಬಾಲೆಂಟಿನ್ ಸೆಪ್ಟೆಂಬರ್ 15ಕ್ಕೇ 55 ದಾಟಿದರು. ಇನ್ನೂ ಎಷ್ಟೋ ಪಂದ್ಯ ಬಾಕಿ, ದಿನಾ ವಾಕ್ ಕೊಡೋಕಾಗುತ್ತಾ? ಆ ವರ್ಷ ಚೆಂಡನ್ನೇ ಯಾರಿಗೂ ಹೇಳದೆ ಜಾಸ್ತಿ ಪುಟಿಯುವ ಹಾಗೆ ಬದಲಿಸಿದ್ದರು ಅನ್ನುವುದೂ ನಿಜ. ಕೊನೆಗೆ ಬಾಲೆಂಟಿನ್ 60ಕ್ಕೆ ನಿಂತರು.