ಲಿಗಮೆಂಟು ಬಿಗಿಯಾಗಿ ಹಿಡ್ಕೊಂಡಿದ್ರೆ ಭುಜ ತಿರುಗೋದು ಹೇಗೆ?

ಪ್ರಶ್ನೆ: ಭುಜದ ಕೀಲನ್ನ ಲಿಗಮೆಂಟುಗಳು (ಮೂಳೆಗೆ ಮೂಳೆ ಕಟ್ಟೋ ಗಟ್ಟಿ ಪಟ್ಟಿಗಳು) ಹಿಡ್ಕೊಂಡಿರ್ತವೆ ಅಂತಾರಲ್ಲ, ಹಂಗಿದ್ರೆ ಕೈನ ಸುತ್ತಲೂ ತಿರುಗ್ಸೋಕಾಗೋದು ಹೇಗೆ? ಸಡಿಲ ಇದ್ರೆ ಕೀಲು ತಪ್ಪಲ್ವಾ?

ಉತ್ತರ: ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ನೋಡಿ. ಭುಜದ ಲಿಗಮೆಂಟುಗಳು ಹೆಚ್ಚಿನ ಹೊತ್ತು ಸಡಿಲವಾಗೇ ಇರ್ತವೆ! ಗೂಟಕ್ಕೆ ಕಟ್ಟಿದ ಹಸು ನೆನಪಿಸ್ಕೊಳ್ಳಿ, ಹಗ್ಗ ಇರೋ ಅಷ್ಟು ದೂರ ಅದು ಆರಾಮಾಗಿ ಓಡಾಡುತ್ತೆ, ಅಂಚಿಗೆ ಬಂದಾಗ ಮಾತ್ರ ಹಗ್ಗ ಬಿಗಿಯಾಗುತ್ತೆ, ಇಲ್ಲೂ ಅಷ್ಟೇ.

ಭುಜದಲ್ಲಿ ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರೋ ಗುಳಿ ಚಿಕ್ಕದು, ಆಳಾನೂ ಇಲ್ಲ, ಹೆಚ್ಚುಕಮ್ಮಿ ತಟ್ಟೆ ಮೇಲೆ ಚೆಂಡು ಇಟ್ಟಂಗೆ. ಗುಳಿಯ ಅಂಚಿಗೆ ಲೇಬ್ರಮ್ ಅನ್ನೋ ಉಂಗುರ ಇದೆ, ಅದು ಸ್ವಲ್ಪ ಆಳ ಕೊಡುತ್ತೆ. ಆದ್ರೂ ಸೊಂಟದ ಕೀಲಿನ ಥರ ಮೂಳೆಯೇ ಮೂಳೆನ ಹಿಡ್ಕೊಳ್ಳೋ ಭಾಗ್ಯ ಭುಜಕ್ಕಿಲ್ಲ.

ಲಿಗಮೆಂಟು ಅನ್ನೋ ಈ ಹಗ್ಗ ಒಂದಲ್ಲ, ಹಲವು, ಎಲ್ಲಾ ಒಟ್ಟಿಗೆ ಬಿಗಿಯಾಗಲ್ಲ, ಪಾಳಿ ಮೇಲೆ ಕೆಲಸ ಮಾಡ್ತವೆ. ಕೈ ಕೆಳಗೆ ಜೋತು ಬಿಟ್ಟಾಗ ಗುಂಡು ಕೆಳಗೆ ಜಾರದಂಗೆ ತಡೆಯೋದು ಮೇಲಿನವು, ಸುಪೀರಿಯರ್ ಗ್ಲೀನೋಹ್ಯೂಮರಲ್ ಮತ್ತೆ ಕೊರಾಕೋಹ್ಯೂಮರಲ್. ಕೈನ ಪಕ್ಕಕ್ಕೆ ಸುಮಾರು 45 ಡಿಗ್ರಿ ಎತ್ತಿ ಹೊರಗೆ ತಿರುಗಿಸಿದ್ರೆ ನಡುವಿನದು, ಮಿಡಲ್ ಅನ್ನೋದು, ಮುಂದಕ್ಕೆ ಜಾರೋದನ್ನ ತಡೆಯುತ್ತೆ (ಇದು ಕೆಲವರಲ್ಲಿ ತೀರಾ ತೆಳ್ಳಗೆ, ಕೆಲವರಲ್ಲಿ ಇರೋದೇ ಇಲ್ಲ). 90 ಡಿಗ್ರಿಗೆ ಬಂದ್ರೆ ಅಸಲಿ ಆಟ ಕೆಳಗಿನದು, ಇನ್ಫೀರಿಯರ್ ಅನ್ನೋದರದ್ದು, ಗುಂಡಿನ ಕೆಳಗೆ ತೊಟ್ಟಿಲ ಬಟ್ಟೆ ಥರ ಇಳಿಬಿದ್ದಿರುತ್ತೆ, ಕೈ ಹೊರಗೆ ತಿರುಗಿದ್ರೆ ಅದರ ಮುಂದಿನ ಪಟ್ಟಿ ಮುಂದೆ ಬಂದು ಅಡ್ಡ ನಿಲ್ಲುತ್ತೆ, ಒಳಗೆ ತಿರುಗಿದ್ರೆ ಹಿಂದಿನ ಪಟ್ಟಿ. ಚೆಂಡು ಎಸೆಯೋಕೆ ಕೈ ಹಿಂದಕ್ಕೆ ಎತ್ತೋ ಭಂಗಿ ಇದೆಯಲ್ಲ, ಆಗ ಹೆಚ್ಚಿನ ಭಾರ ಈ ಮುಂದಿನ ಪಟ್ಟಿ ಮೇಲೆ. ಅದೇ ಭಂಗಿಯಲ್ಲಿ ಯಾರಾದ್ರೂ ಕೈನ ಇನ್ನಷ್ಟು ಹಿಂದಕ್ಕೆ ನೂಕಿದ್ರೆ ಕೀಲು ತಪ್ಪೋ ಚಾನ್ಸ್ ಜಾಸ್ತಿ, ಭುಜ ತಪ್ಪೋದು ಬಹುಪಾಲು ಮುಂದಕ್ಕೇ.

ಸರಿ, ಹಗ್ಗ ಸಡಿಲ ಇರೋವಾಗ ಯಾರು ಕಾಯ್ತಾರೆ? ಸ್ನಾಯುಗಳು. ಭುಜದ ಕೀಲನ್ನ ಸುತ್ತುವರಿದಿರೋ ರೊಟೇಟರ್ ಕಫ್ ಅನ್ನೋ ಗುಂಪಿನ 4 ಸ್ನಾಯುಗಳು ಗುಂಡನ್ನ ಗುಳಿಗೆ ಒತ್ತಿ ಹಿಡಿದಿರ್ತವೆ, ಕೀಲಿನ ಒಳಗೆ ಒತ್ತಡ ಹೊರಗಿಗಿಂತ ಕಮ್ಮಿ ಇರೋದ್ರಿಂದ ಅದೂ ಸ್ವಲ್ಪ ಎಳೆದು ಹಿಡಿಯುತ್ತೆ. ಇನ್ನೊಂದು ವಿಷ್ಯ ಜನ ಹೇಳೋದೇ ಕಮ್ಮಿ, ಲಿಗಮೆಂಟು ಬರೀ ಹಗ್ಗ ಅಲ್ಲ, ಅದರೊಳಗೆ ನರದ ತುದಿಗಳಿವೆ, ಎಳೆತ ಬಿದ್ದ ತಕ್ಷಣ ಸುದ್ದಿ ಕಳಿಸ್ತವೆ, ಸ್ನಾಯುಗಳು ಹೊಂದ್ಕೊಳ್ತವೆ.

ಎಕ್ಸರ್ಸೈಜ್ ಮಾಡಿದ್ರೆ ಲಿಗಮೆಂಟು ಮತ್ತೆ ಬಿಗಿಯಾಗುತ್ತಾ ಅಂತ ಕೇಳೋರೂ ಇದಾರೆ. ಒಂದ್ಸಲ ಕೀಲು ತಪ್ಪಿ ಉದ್ದವಾಗಿ ಎಳೆದೋಗಿದ್ದು, ಇಲ್ಲಾ ಲೇಬ್ರಮ್ ಸಮೇತ ಗುಳಿ ಅಂಚಿಂದ ಕಿತ್ಕೊಂಡು ಬಂದಿದ್ದು, ವ್ಯಾಯಾಮದಿಂದ ಮೊದಲಿನಂಗೆ ಗಿಡ್ಡ ಆಗಲ್ಲ. ಫಿಸಿಯೋಥೆರಪಿಲಿ ಗಟ್ಟಿ ಮಾಡ್ಸೋದು ಸ್ನಾಯುಗಳನ್ನ, ಹಗ್ಗದ ಮೇಲೆ ಜಗ್ಗಾಟ ಬೀಳೋಕೆ ಮುಂಚೇನೇ ಅವು ಗುಂಡನ್ನ ಹಿಡ್ಕೊಳ್ಳಲಿ ಅಂತ. ಪದೇ ಪದೇ ತಪ್ತಾನೇ ಇದ್ರೆ ಕಿತ್ತೋಗಿದ್ದನ್ನ ಆಪರೇಷನ್ ಮಾಡಿ ಮತ್ತೆ ಮೂಳೆಗೆ ಕೂರಿಸ್ತಾರೆ.