ಸಂಜೆ ತುಂಬಿದ ಏರ್ ಬೆಳಗಾಗುವಷ್ಟರಲ್ಲಿ ಎಲ್ಲಿ ಹೋಗುತ್ತದೆ?

ಪ್ರಶ್ನೆ: "ಹಳೇ ಲಾರಿ, ಸೀಸನ್‌ನಲ್ಲಿ ಕಬ್ಬು ಹೊಡೀತೀವಿ. ಸಂಜೆ ನಿಲ್ಲಿಸ್ವಾಗ ಏರ್ ಎಂಟರ ಹತ್ರ ಇರ್ತದೆ, ಬೆಳಿಗ್ಗೆ ನೋಡುದ್ರೆ ಎರಡೂ ಮುಳ್ಳು ಸೊನ್ನೆ. ಸ್ಟಾರ್ಟ್ ಮಾಡಿ ಏರ್ ಕಟ್ಟೋಕೆ ಹತ್ತು ನಿಮಿಷ ಬೇಕು. ಕಂಪ್ರೆಸರ್ ಹೋಗೈತೆ, ಹೊಸದು ಹಾಕ್ಸಿ ಅಂತಾರೆ ಗ್ಯಾರೇಜ್‌ನೋರು. ಹಾಕ್ಸ್ಲೇಬೇಕಾ?"
– ಪಾಂಡವಪುರ ತಾಲ್ಲೂಕಿನ ಓದುಗರು

ಉತ್ತರ: ಈಗಲೇ ಬೇಡ. ಲಾರಿಯ ಬ್ರೇಕ್ ಕೆಲಸ ಮಾಡಲು ಕಂಪ್ರೆಸರ್ ಟ್ಯಾಂಕುಗಳಿಗೆ ತುಂಬುವ ಒತ್ತಡದ ಗಾಳಿಯೇ ಈ ಏರ್. ಎರಡು ಮುಳ್ಳು ಎರಡು ಬ್ರೇಕ್ ಲೈನುಗಳ ಒತ್ತಡ ತೋರಿಸುತ್ತವೆ. ನೀವು ಹೇಳಿರುವುದು ಒಂದು ಕಾಯಿಲೆಯಲ್ಲ, ಎರಡು. ರಾತ್ರಿ ಏರ್ ಇಳಿಯುವುದು ಒಂದು, ಬೆಳಿಗ್ಗೆ ನಿಧಾನ ಕಟ್ಟುವುದು ಇನ್ನೊಂದು. ಎರಡಕ್ಕೂ ಕಂಪ್ರೆಸರನ್ನೇ ಹೊಣೆ ಮಾಡಿದರೆ ಹೊಸದು ಕೂರಿಸಿದ ಮರುದಿನವೂ ಮುಳ್ಳು ಸೊನ್ನೆಯಲ್ಲೇ ಇರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಲಾರಿಯ ಟ್ಯಾಂಕುಗಳೆಲ್ಲ ಸೇರಿ 60 ಲೀಟರ್ ಹಿಡಿಯುತ್ತವೆ ಎಂದಿಟ್ಟುಕೊಳ್ಳಿ. 8 ಬಾರ್ ಒತ್ತಡಕ್ಕೆ ತುಂಬಿದಾಗ ಅದರೊಳಗೆ ಹೊರಗಿನಿಂದ ಎಳೆದುಕೊಂಡ ಗಾಳಿ 480 ಲೀಟರ್. (ಮೀಟರ್ ಮೇಲೆ ಬಾರ್ ಬದಲು ಕೆ.ಜಿ. ಎಂದಿದ್ದರೂ ಚಿಂತೆಯಿಲ್ಲ, ಎರಡೂ ಹೆಚ್ಚುಕಡಿಮೆ ಒಂದೇ.) ಇದು ಹತ್ತು ಗಂಟೆಯಲ್ಲಿ ಖಾಲಿಯಾದರೆ ನಿಮಿಷಕ್ಕೆ ಸೋರುತ್ತಿರುವುದು ಸರಾಸರಿ ಮುಕ್ಕಾಲು ಅಥವಾ ಒಂದು ಲೀಟರ್, ಅಂದರೆ ಒಂದು ನೀರಿನ ಬಾಟಲಿಯಷ್ಟು. ಶುರುವಿನಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಇದರ ಎರಡು ಮೂರು ಪಟ್ಟು ಎನ್ನಿ. ಇನ್ನು ಕಂಪ್ರೆಸರ್ ಕಡೆ ನೋಡಿ. 160 ಸಿಸಿಯ ಒಂದು ಸಿಲಿಂಡರಿನದು ನಿಮಿಷಕ್ಕೆ 600 ಸುತ್ತು ತಿರುಗಿದರೆ ಎಳೆಯಬೇಕಾದದ್ದು 96 ಲೀಟರ್. ಹಳೆಯದು, ಒತ್ತಡ ಏರಿದಂತೆ ದಮ್ಮು ಕಡಿಮೆ ಎಂದು ನೂರಕ್ಕೆ ಅರವತ್ತು ಹಿಡಿದರೂ ಸುಮಾರು 58 ಲೀಟರ್ ಒಳಗೆ ತಳ್ಳುತ್ತದೆ. ರಾತ್ರಿಯ ಸೋರಿಕೆ ಅದರ ಮುಂದೆ ಲೆಕ್ಕಕ್ಕಿಲ್ಲ. ಆ ಸೋರಿಕೆಯಿಂದ ಏರ್ ನಿಧಾನ ಕಟ್ಟುವುದಿಲ್ಲ. ಹಾಗೆಯೇ ಕಂಪ್ರೆಸರ್ ಎಷ್ಟೇ ಸವೆದಿದ್ದರೂ ಎಂಜಿನ್ ನಿಂತ ಮೇಲೆ ಟ್ಯಾಂಕಿನ ಏರ್ ಅದರ ಮೂಲಕ ವಾಪಸ್ ಹೋಗುವಂತಿಲ್ಲ, ನಡುವೆ ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಇರುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಸೊನ್ನೆಯಿಂದ 480 ಲೀಟರ್ ತುಂಬಲು 58ರಂತೆ ಎಂಟು ನಿಮಿಷಕ್ಕಿಂತ ಹೆಚ್ಚೇ ಬೇಕು. ನೀವು ಐಡ್ಲಿಂಗ್‌ನಲ್ಲಿ ಬಿಟ್ಟು ಟೀ ಕುಡಿದು ಬರುವವರಾದರೆ ಹತ್ತು ನಿಮಿಷ ಎನ್ನುವುದು ಅಷ್ಟೇನೂ ಕಾಯಿಲೆಯಲ್ಲ. ಅದಕ್ಕೇ ಮೊದಲು ಗಡಿಯಾರ ಹಿಡಿದು ಅಳೆಯಿರಿ.

ಅಳೆಯುವುದು ಹೀಗೆ. ಖಾಲಿ ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎಂಜಿನ್ನನ್ನು ಚೆನ್ನಾಗಿ ರೇಸ್ ಮಾಡಿ ಹಿಡಿದು 5.9 ಬಾರ್‌ನಿಂದ 6.9 ಬಾರ್‌ಗೆ ಏರಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಅಮೆರಿಕದಲ್ಲಿ ಭಾರಿ ವಾಹನ ಓಡಿಸುವವರಿಗೆ ಕಲಿಸುವ ಮಿತಿ 45 ಸೆಕೆಂಡ್. ನಮ್ಮ ಗಾಡಿಗಳಿಗೂ ಅದನ್ನು ಅಂದಾಜಿನ ಅಳತೆಯಾಗಿ ಇಟ್ಟುಕೊಳ್ಳಬಹುದು. ಇದರೊಳಗೆ ಏರಿದರೆ ಕಂಪ್ರೆಸರ್ ಮಾತು ಅಲ್ಲಿಗೇ ಬಿಡಿ. ಅದನ್ನು ದಾಟಿದರೆ ಅದರ ಕಡೆ ಆಮೇಲೆ ಬರೋಣ.

ಸೋರಿಕೆಗೆ ಬೇರೆ ಅಳತೆ. ಅನ್‌ಲೋಡರ್ (ಟ್ಯಾಂಕ್ ತುಂಬಿದಾಗ ಹೆಚ್ಚಿನ ಗಾಳಿಯನ್ನು ಹೊರಗೆ ಬಿಡುವ ವಾಲ್ವ್) ಫುಸ್ ಎಂದು ಬಿಡುವ ತನಕ ಏರ್ ತುಂಬಿಸಿ ಎಂಜಿನ್ ನಿಲ್ಲಿಸಿ. ಪೆಡಲ್ ಮುಟ್ಟದೆ, ಹ್ಯಾಂಡ್ ಬ್ರೇಕ್ ಬಿಟ್ಟು, ಒಂದು ನಿಮಿಷಕ್ಕೆ 0.14 ಬಾರ್‌ಗಿಂತ ಹೆಚ್ಚು ಇಳಿಯಬಾರದು, ಪೆಡಲ್ ಪೂರ್ತಿ ಒತ್ತಿ ಹಿಡಿದಾಗ 0.2ಕ್ಕಿಂತ ಹೆಚ್ಚು ಇಳಿಯಬಾರದು ಎನ್ನುವುದೂ ಅಲ್ಲಿಯದೇ ಮಿತಿ. ಇದರಲ್ಲಿ ಪಾಸಾದೆ ಎಂದು ಸುಮ್ಮನಾಗಬೇಡಿ. ನಿಮಿಷಕ್ಕೆ 0.14 ಎಂದರೆ ಗಂಟೆಗೆ ಎಂಟು ಬಾರ್! ಅದು ರಸ್ತೆಯ ಮೇಲೆ ಅಪಾಯ ಇದೆಯೇ ಎಂದು ನೋಡುವ ಪರೀಕ್ಷೆ, ರಾತ್ರಿ ಏರ್ ನಿಲ್ಲುತ್ತದೆಯೇ ಎಂದು ನೋಡುವುದಲ್ಲ. ನಿಮ್ಮ ಸೋರಿಕೆ ಇದರ ಹತ್ತನೇ ಒಂದು ಪಾಲು ಇರಬಹುದು, ಆದ್ದರಿಂದ ಕಿವಿಗೂ ಕೇಳಿಸದು.

ಅಂಥ ಸೋರಿಕೆ ಹಿಡಿಯಲು ಅರ್ಧ ಅರ್ಧ ಗಂಟೆ ಕಾಯುವ ತಾಳ್ಮೆ ಬೇಕು. ಕಾರ್ಖಾನೆ ಯಾರ್ಡ್‌ನಲ್ಲಿ ತೂಕಕ್ಕೆ ಸಾಲು ಹಚ್ಚಿ ನಿಂತಾಗ ಹೇಗೂ ಅಷ್ಟು ಹೊತ್ತು ಸಿಗುತ್ತದೆ. ಮೊದಲ ಅರ್ಧ ಗಂಟೆ ಹ್ಯಾಂಡ್ ಬ್ರೇಕ್ ಹಾಕಿ ಬಿಡಿ. ಮುಳ್ಳುಗಳು ಎಲ್ಲಿ ನಿಂತವು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಪುನಃ ಏರ್ ತುಂಬಿ, ಚಕ್ರಕ್ಕೆ ಕಲ್ಲು ಇದೆ ಎಂದು ಖಾತ್ರಿ ಮಾಡಿಕೊಂಡು, ಹ್ಯಾಂಡ್ ಬ್ರೇಕ್ ಬಿಟ್ಟು ಇನ್ನರ್ಧ ಗಂಟೆ. ಕೊನೆಗೆ ಯಾರನ್ನಾದರೂ ಪೆಡಲ್ ಮೇಲೆ ಕೂರಿಸಿ ಐದು ನಿಮಿಷ. ಎರಡೂ ಮುಳ್ಳು ಬೆಳಿಗ್ಗೆ ಸೊನ್ನೆ ಎಂದಿದ್ದೀರಿ, ಆದರೆ ಬೆಳಿಗ್ಗೆಯ ಮುಳ್ಳು ಏನೂ ಹೇಳುವುದಿಲ್ಲ, ನಡುವಿನದು ಹೇಳುತ್ತದೆ. ಒಂದು ಲೈನ್ ಸೋರಿದರೂ ಇನ್ನೊಂದರ ಏರ್ ಉಳಿಸುವ ಪ್ರೊಟೆಕ್ಷನ್ ವಾಲ್ವ್ ಸರಿಯಿದ್ದರೆ ಎರಡೂ ಮುಳ್ಳು ಸ್ವಲ್ಪ ದೂರ ಜೊತೆಗೇ ಇಳಿದು, ಒಂದು ಅರ್ಧದಾರಿಯಲ್ಲಿ ನಿಂತುಬಿಡುತ್ತದೆ, ಇನ್ನೊಂದು ಸೊನ್ನೆಗೆ ಹೋಗುತ್ತದೆ. ಸೊನ್ನೆಗೆ ಹೋದ ಲೈನಿನಲ್ಲೇ ಸೋರಿಕೆ. ಎರಡೂ ಸೊನ್ನೆಗೆ ಹೋಗುತ್ತಿವೆ ಎಂದರೆ ಒಂದೋ ಎರಡೂ ಲೈನಿನಲ್ಲಿ ಸೋರುತ್ತಿದೆ, ಇಲ್ಲವೇ ಪ್ರೊಟೆಕ್ಷನ್ ವಾಲ್ವಿನ ಮುಚ್ಚಳ ಅದರ ಸೀಟಿನ ಮೇಲೆ ಸರಿಯಾಗಿ ಕೂರುತ್ತಿಲ್ಲ. ಎರಡನೆಯದನ್ನು ಹಗುರವಾಗಿ ನೋಡಬೇಡಿ. ಮುಂದಿನ ಒಂದು ಹೋಸ್ ಒಡೆದರೂ ಹಿಂದಿನ ಬ್ರೇಕ್ ಉಳಿಯಬೇಕು ಎಂದೇ ಆ ವಾಲ್ವ್ ಇಟ್ಟಿರುವುದು. ಕಬ್ಬು ಹೇರಿಕೊಂಡು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ ಹೋಗುವ ಲಾರಿಗೆ ಅದು ಬೇಕೇ ಬೇಕು.

ಹ್ಯಾಂಡ್ ಬ್ರೇಕ್ ಹಾಕಿದಾಗ ನಿಂತು, ಬಿಟ್ಟಾಗ ಮಾತ್ರ ಇಳಿದರೆ ಸೋರಿಕೆ ಹಿಂದಿನ ಸ್ಪ್ರಿಂಗ್ ಬ್ರೇಕ್ ಬೂಸ್ಟರ್‌ಗಳಲ್ಲಿ (ಏರ್ ಇಲ್ಲದಾಗ ಸ್ಪ್ರಿಂಗಿನಿಂದ ಬ್ರೇಕ್ ಹಿಡಿಯುವ ಡಬ್ಬಿಗಳು) ಅಥವಾ ಅವಕ್ಕೆ ಹೋಗುವ ಹೋಸ್‌ಗಳಲ್ಲಿ. ಇಲ್ಲಿ ಅತಿ ಹೆಚ್ಚು ಮೋಸ ಹೋಗುವ ಒಂದು ಲಕ್ಷಣವಿದೆ. ಹ್ಯಾಂಡ್ ಬ್ರೇಕ್ ಬಿಟ್ಟೊಡನೆ ಕಾಲಿನ ಬ್ರೇಕ್ ವಾಲ್ವಿನ ಕೆಳಗಿನ ಬಾಯಿಂದ, ಇಲ್ಲವೇ ಹಿಂದಿನ ಬ್ರೇಕ್‌ಗಳಿಗೆ ಏರ್ ಹಂಚುವ ರಿಲೇ ವಾಲ್ವಿನ ಬಾಯಿಂದ ಏರ್ ಬರುತ್ತದೆ. ನೋಡಿದವರು ಆ ವಾಲ್ವನ್ನೇ ಬದಲಿಸುತ್ತಾರೆ, ಆದರೂ ಬರುತ್ತಲೇ ಇರುತ್ತದೆ. ನಿಜವಾಗಿ ಹೋಗಿರುವುದು ಬೂಸ್ಟರಿನೊಳಗೆ ಸ್ಪ್ರಿಂಗ್ ಕೋಣೆಗೂ ಬ್ರೇಕ್ ಕೋಣೆಗೂ ನಡುವಿನ ಸೀಲ್. ಅಲ್ಲಿಂದ ದಾಟಿದ ಏರ್ ಬ್ರೇಕ್ ಪೈಪಿನಲ್ಲಿ ಹಿಮ್ಮುಖವಾಗಿ ಬಂದು ವಾಲ್ವಿನ ಬಾಯಿಂದ ಹೊರಗೆ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದ ಕೂಡಲೇ ಸದ್ದು ನಿಂತರೆ ವಾಲ್ವ್ ನಿರಪರಾಧಿ.

ಆ ಬೂಸ್ಟರನ್ನು ಮಾತ್ರ ನೀವೇ ಬಿಚ್ಚಬೇಡಿ. ಒಳಗೆ ಹಿಡಿದಿಟ್ಟ ಸ್ಪ್ರಿಂಗಿಗೆ ಮನುಷ್ಯನನ್ನು ಕೊಲ್ಲುವಷ್ಟು ಶಕ್ತಿಯಿದೆ. ಏರ್ ಖಾಲಿ ಮಾಡಿದರೆ ಆ ಶಕ್ತಿ ಹೋಗುವುದಿಲ್ಲ. ಹಿಂಬದಿಯ ಉದ್ದ ಬೋಲ್ಟಿನಿಂದ ಸ್ಪ್ರಿಂಗನ್ನು ಕಟ್ಟಿಹಾಕಿ, ಇಡೀ ಬೂಸ್ಟರನ್ನು ಇಳಿಸಿ, ಅದಕ್ಕೆಂದೇ ಪ್ರೆಸ್ ಇರುವವರ ಹತ್ತಿರ ಒಯ್ಯಬೇಕು, ಅಥವಾ ಹೊಸದು ಹಾಕಬೇಕು. ಹಾಗೆಯೇ ಏರ್ ಕಟ್ಟುವ ತನಕ ಕಾಯಲಾರದೆ ಆ ಬೋಲ್ಟ್ ತಿರುಗಿಸಿ ಬ್ರೇಕ್ ಬಿಡಿಸಿ ಲಾರಿ ಸರಿಸುವ ಚಾಳಿಯನ್ನೂ ಬಿಡಿ.

ಹ್ಯಾಂಡ್ ಬ್ರೇಕ್ ಹಾಕಿದಾಗ ಅದರ ವಾಲ್ವಿನ ಬಾಯಿಂದ ಸೋರಿದರೆ ಆ ವಾಲ್ವಿನ ಸೀಟು. ಪೆಡಲ್ ಒತ್ತಿದಾಗ ಮಾತ್ರ ಇಳಿದರೆ ಬೂಸ್ಟರಿನ ರಬ್ಬರ್ ಪರದೆ (ಡಯಾಫ್ರಂ) ಅಥವಾ ಚಕ್ರದ ಹತ್ತಿರದ ಹೋಸ್. ಯಾವುದಕ್ಕೂ ವ್ಯತ್ಯಾಸವಿಲ್ಲದೆ ಸದಾ ಒಂದೇ ಸಮ ಇಳಿಯುತ್ತಿದ್ದರೆ ಟ್ಯಾಂಕ್, ಗಾಳಿಯ ತೇವ ಹೀರುವ ಡ್ರೈಯರ್, ಪೈಪ್ ಜಾಯಿಂಟ್ ಮತ್ತು ಏರ್ ಹಾರ್ನ್. ಹಾರ್ನ್ ಮೇಲೆ ನನ್ನ ಅನುಮಾನ ಸದಾ ಜಾಸ್ತಿ. ಕೈಗೆ ಸಿಕ್ಕ ಟ್ಯಾಂಕಿಗೆ ಟೀ (T ಆಕಾರದ ಜಾಯಿಂಟ್) ಹಾಕಿ ಎಳೆದ ತೆಳು ಪೈಪು, ಬೀಡಿ ಬೆಂಕಿಯಷ್ಟು ಬಿಸಿಗೂ ಮೆತ್ತಗಾಗುವಂಥದ್ದು. ರಾಗ ಹಾಡುವ, ಕಿರುಚುವ ಹಾರ್ನಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅವಕಾಶವೂ ಇಲ್ಲ. ಆ ಟೀ ತೆಗೆದು ಬಾಯಿ ಮುಚ್ಚುವ ಡಮ್ಮಿ ಹಾಕಿ ಒಂದು ರಾತ್ರಿ ನೋಡಿ. ಖರ್ಚು ಒಂದು ಡಮ್ಮಿಯದು ಅಷ್ಟೇ.

ಯಾವ ಕಡೆ ಎಂದು ಗೊತ್ತಾದ ಮೇಲೆ ಸೋಪು ನೀರು. ಒಂದು ಲೀಟರ್ ನೀರಿಗೆ ಎರಡು ಸ್ಯಾಶೆ ಶಾಂಪೂ, ನೊರೆ ಕಟ್ಟದಂತೆ ಮೆಲ್ಲಗೆ ಕಲಸಿ. ನೊರೆಯೇ ತುಂಬಿದ್ದರೆ ಗುಳ್ಳೆ ಕಾಣುವುದಿಲ್ಲ. ಹಳೆಯ ಪೇಂಟ್ ಬ್ರಶ್‌ನಲ್ಲಿ ಜಾಯಿಂಟಿನ ಸುತ್ತ ಹಚ್ಚಿ, ಒಂದೊಂದು ಕಡೆಯೂ ಪೂರ್ತಿ ಒಂದು ನಿಮಿಷ ನೋಡಿ. ಸಣ್ಣ ಸೋರಿಕೆ ಗುಳ್ಳೆ ಎಬ್ಬಿಸುವುದಿಲ್ಲ, ಅಕ್ಕಿಕಾಳಿನಷ್ಟು ಬಿಳಿ ನೊರೆ ನಿಧಾನ ಬೆಳೆಯುತ್ತದೆ. ವಾಲ್ವಿನ ಬಾಯಿಗಳಿಗೆ ಬೆರಳಿನಿಂದ ಸೋಪಿನ ಪರದೆ ಎಳೆಯಿರಿ, ಉಬ್ಬಿದರೆ ಸೋರಿಕೆ. ಡ್ರೈಯರಿನ ಕೆಳಗಿನ ಬಾಯನ್ನು ಅನ್‌ಲೋಡರ್ ಬಿಟ್ಟು ಅರ್ಧ ನಿಮಿಷ ಆದ ಮೇಲೆ ನೋಡಿ. ಎಂಜಿನ್ ನಿಂತಿದ್ದರೂ ಅಲ್ಲಿ ಪರದೆ ಉಬ್ಬುತ್ತಲೇ ಇದ್ದರೆ ಮೇಲೆ ಹೇಳಿದ ನಾನ್ ರಿಟರ್ನ್ ವಾಲ್ವ್ ಏರ್ ಹಿಂದಕ್ಕೆ ಬಿಡುತ್ತಿದೆ. ಗದ್ದೆಗೆ ಇಳಿಯುವ ಲಾರಿಗಳಲ್ಲಿ ಚಾಸಿ ಕೆಳಗೆ ತರಗು ಸುತ್ತಿಕೊಂಡು ಪೈಪಿನ ಕ್ಲಿಪ್ಪು ಕಿತ್ತು, ನೈಲಾನ್ ಪೈಪ್ ಕಬ್ಬಿಣಕ್ಕೆ ಉಜ್ಜಿ ಸವೆದಿರುತ್ತದೆ. ಆ ಜಾಗಗಳನ್ನು ಮೊದಲು ತೊಳೆದು ನೋಡಿ.

ಜಾಯಿಂಟ್ ಸೋರುತ್ತಿದ್ದರೆ ಸ್ಪ್ಯಾನರ್ ಹಾಕಿ ಇನ್ನಷ್ಟು ಬಿಗಿಯುವುದು ಎಲ್ಲರ ಅಭ್ಯಾಸ. ನೈಲಾನ್ ಪೈಪಿನ ಮೇಲಿನ ಬಳೆ ಈಗಾಗಲೇ ಕಚ್ಚಿರುತ್ತದೆ, ಬಿಗಿದಷ್ಟೂ ಪೈಪ್ ಕತ್ತರಿಸುತ್ತದೆ. ಟ್ಯಾಂಕ್ ಖಾಲಿ ಮಾಡಿ ಬಿಚ್ಚಿ, ಪೈಪಿನ ತುದಿಯನ್ನು ಬ್ಲೇಡಿನಲ್ಲಿ ನೇರಕ್ಕೆ ಕತ್ತರಿಸಿ, ಒಳಗೆ ಕೊಳವೆ ತುಂಡು ಹಾಕಿ, ಹೊಸ ಬಳೆ ಕೂರಿಸಿ. ಈ ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತಬಾರದು. ಅದರ ಎಳೆ ಕಿತ್ತು ಒಳಗೆ ಹೋಗಿ ಮುಂದಿನ ವಾಲ್ವಿನ ಸೀಟಿನಲ್ಲಿ ಕೂತರೆ ಒಂದು ಸೋರಿಕೆ ಹೋಗಿ ಇನ್ನೊಂದು ಹುಟ್ಟುತ್ತದೆ. ವಾಲ್ವಿಗೆ ಕಿಟ್ (ಹೊಸ ರಬ್ಬರ್ ಭಾಗಗಳ ಸೆಟ್) ಹಾಕುವಾಗ ರಬ್ಬರನ್ನು ಡೀಸೆಲ್‌ನಲ್ಲಿ ತೊಳೆಯಬೇಡಿ, ಊದಿಕೊಳ್ಳುತ್ತದೆ. ಕಿಟ್ ಜೊತೆ ಬಂದ ಗ್ರೀಸನ್ನೇ ಸವರಿ, ಚಕ್ರದ ಗ್ರೀಸು ಬೇಡ.

ಇನ್ನು ನಿಧಾನ ಕಟ್ಟುವ ವಿಷಯ. 45 ಸೆಕೆಂಡಿನ ಪರೀಕ್ಷೆಯಲ್ಲಿ ಸೋತಿದ್ದರೆ ಮೊದಲು ಕಂಪ್ರೆಸರ್ ಗಾಳಿ ಎಳೆಯುವ ಫಿಲ್ಟರ್, ಬೆಲ್ಟಿನಲ್ಲಿ ತಿರುಗುವಂಥದ್ದಾದರೆ ಬೆಲ್ಟ್. ಆಮೇಲೆ ಕಂಪ್ರೆಸರಿನಿಂದ ಡ್ರೈಯರಿಗೆ ಹೋಗುವ ಲೋಹದ ಪೈಪ್. ಇದನ್ನು ನೋಡುವವರೇ ಕಡಿಮೆ. ಬಿಸಿ ಏರ್ ಜೊತೆ ಬಂದ ಎಣ್ಣೆ ಒಳಗೆ ಸುಟ್ಟು ಇದ್ದಿಲಾಗಿ, ಮೊದಲ ತಿರುವಿನಲ್ಲಿ ಪೈಪಿನ ಬಾಯಿ ಪೆನ್ಸಿಲ್ ತೂರದಷ್ಟು ಕಿರಿದಾಗಿರುತ್ತದೆ. ತಣ್ಣಗಾದ ಮೇಲೆ ಬಿಚ್ಚಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಪೂರ್ತಿ ತೆಗೆಯಲಾಗದಿದ್ದರೆ ಪೈಪನ್ನೇ ಬದಲಿಸಿ. ಒಳಗೆ ಉಳಿದ ಚೂರು ಡ್ರೈಯರಿಗೆ ಹೋಗಿ ಕೂರುತ್ತದೆ. ಎಂಜಿನ್ ಓಡುವಾಗ ಏರ್ ಪೂರ್ತಿ ಏರುವ ಮೊದಲೇ ಡ್ರೈಯರಿನ ಬಾಯಿಂದ ಸದಾ ಗಾಳಿ ಹೋಗುತ್ತಿದ್ದರೆ ಅನ್‌ಲೋಡರ್ ಕಸ ಸಿಕ್ಕಿ ತೆರೆದೇ ಉಳಿದಿದೆ, ಅದನ್ನು ತೊಳೆದರೆ ಸಾಕು.

ಇಷ್ಟೂ ಸರಿಯಿದ್ದು ನಿಧಾನವೇ ಆದರೆ ಕಂಪ್ರೆಸರಿನ ಹೆಡ್ ತೆಗೆಸಿ, ವಾಲ್ವ್ ಪತ್ತಿಗಳಿಗೆ ಕಿಟ್ ಹಾಕಿಸಿ. ಇಡೀ ಕಂಪ್ರೆಸರ್ ಹೋಗಿದೆಯೇ ಎನ್ನುವುದನ್ನು ಟ್ಯಾಂಕಿನ ಕೆಳಗಿನ ಡ್ರೈನ್ ಹೇಳುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಘನ ಮೀಟರಿಗೆ ಇಪ್ಪತ್ತು ಗ್ರಾಮಿನಷ್ಟು ನೀರಿರುತ್ತದೆ. ಡ್ರೈಯರ್ ಕೆಲಸ ಮಾಡದಿದ್ದರೆ ಸೊನ್ನೆಯಿಂದ ಒಂದು ಸಲ ತುಂಬಿಸಿದಾಗ ಎರಡು ಟೀ ಚಮಚದಷ್ಟು ನೀರು ಟ್ಯಾಂಕಿಗೆ ಇಳಿಯುತ್ತದೆ. ಅಷ್ಟು ತಿಳಿನೀರು ಬಂದರೆ ಡ್ರೈಯರಿನ ಡಬ್ಬಿ ಬದಲಿಸಿ, ಕಂಪ್ರೆಸರಿನ ತಪ್ಪಲ್ಲ. ಮಜ್ಜಿಗೆಯಂಥದ್ದು, ಅಥವಾ ಕಪ್ಪು ಎಣ್ಣೆಯ ಗಸಿ ಬಂದರೆ ಪಿಸ್ಟನ್ ರಿಂಗ್ ಸವೆದು ಎಣ್ಣೆ ದಾಟುತ್ತಿರಬಹುದು. ಫಿಲ್ಟರ್ ಕಟ್ಟಿಕೊಂಡಿದ್ದರೂ ಕಂಪ್ರೆಸರ್ ಎಣ್ಣೆಯನ್ನೇ ಎಳೆಯುತ್ತದೆ, ಆದ್ದರಿಂದ ಫಿಲ್ಟರ್ ಬದಲಿಸಿ, ಟ್ಯಾಂಕ್ ಒರೆಸಿದಂತೆ ಖಾಲಿ ಮಾಡಿ, ಹತ್ತು ದಿನ ಓಡಿಸಿ ಪುನಃ ಡ್ರೈನ್ ತೆಗೆಯಿರಿ. ಆಗಲೂ ಎಣ್ಣೆ ಬಂದರೆ ಗ್ಯಾರೇಜಿನವರು ಹೇಳಿದಂತೆ ಕಂಪ್ರೆಸರ್ ಇಳಿಸಿ, ಜೊತೆಗೆ ಡ್ರೈಯರಿನ ಡಬ್ಬಿಯನ್ನೂ ಹೊಸದು ಹಾಕಿ. ಎಣ್ಣೆ ಕುಡಿದ ಡಬ್ಬಿ ಮತ್ತೆ ನೀರು ಹಿಡಿಯುವುದಿಲ್ಲ.